ತಿಥಿ ಸರಿ, ಪಕ್ಷ ತಪ್ಪು



ಕಾರಿನ ಕೀಲಿ ತಿರುಗಿಸುತ್ತೀರಿ. ಸ್ಟಾರ್ಟರ್ ಕುಯ್ಯೋ ಕುಯ್ಯೋ ಎನ್ನುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಈ ಸದ್ದನ್ನು ಕೇಳದವರು ಬಹಳ ಮಂದಿ ಇರಲಾರರು. ಆದರೆ ಎಂಜಿನನ್ನು ನಾವೇ ಬಿಚ್ಚಿ, ನಾವೇ ಜೋಡಿಸಿ, ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದು, ಅವರ ಎದುರಿಗೆ ಕೀಲಿ ತಿರುಗಿಸಿದಾಗ ಅದೇ ಸದ್ದು ಬಂದರೆ ಹೊಟ್ಟೆಯೊಳಗೆ ಆಗುವ ತಳಮಳ ಅನುಭವಿಸಿದವರಿಗೇ ಗೊತ್ತು. ನನಗೆ ಅದು ಕಳೆದ ವೈಶಾಖದಲ್ಲಿ ಗೊತ್ತಾಯಿತು.

ನಾನು ಮೆಕ್ಯಾನಿಕ್ ಅಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಪೆಟ್ರೋಲ್ ಎಂಜಿನಿನ ಚಿತ್ರವನ್ನು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ನಾಲ್ಕು ಹೊಡೆತಗಳಿಗೆ ಪುಸ್ತಕದಲ್ಲಿ ಸಂಸ್ಕೃತದ ಭಾರಿ ಹೆಸರುಗಳಿದ್ದವು. ನಾನು ಮಕ್ಕಳಿಗೆ ಹೀರು, ಅದುಮು, ಸಿಡಿ, ಉಗುಳು ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಸೀಮೆಸುಣ್ಣದ ಆ ಎಂಜಿನ್ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಕೈಕೊಟ್ಟದ್ದು ನಮ್ಮ ಮನೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಕಾರು ರಸ್ತೆಗೆ ಇಳಿದು, 2014ರ ಆರಂಭದಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಗಾಡಿ. 796 ಸಿ.ಸಿ., ಮೂರು ಸಿಲಿಂಡರು. ನಮ್ಮದು 1996ರದು, ಕಾರ್ಬುರೇಟರ್ ಕಾಲದ್ದು. ಅಡಿಕೆ ಮಂಡಿಗೂ ಆಸ್ಪತ್ರೆಗೂ ಮದುವೆ ಮನೆಗೂ ತಕರಾರಿಲ್ಲದೆ ಓಡಿದ್ದು, ಹೋದ ವರ್ಷ ವಾರಕ್ಕೊಮ್ಮೆ ನೀರು ಕುಡಿಯತೊಡಗಿತು. ರೇಡಿಯೇಟರಿನಲ್ಲಿ ಸೋರಿಕೆ ಕಾಣದು, ನೀರು ಮಾತ್ರ ಇರದು. ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ. ಆಯಿಲ್ ನೋಡುವ ಕಡ್ಡಿ ಎಳೆದರೆ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನುವುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ.

ಗ್ಯಾಸ್ಕೆಟ್ ಎಂದರೆ ಏನೆಂದು ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನಿನ ಕೆಳಗಿನ ಭಾಗ ಬ್ಲಾಕು, ಮೇಲೆ ಮುಚ್ಚಳದಂತೆ ಕೂರುವುದು ಹೆಡ್ಡು. ಇವೆರಡರ ನಡುವೆ ಬೆಂಕಿ, ನೀರು, ಎಣ್ಣೆ ಮೂರೂ ತಮ್ಮ ತಮ್ಮ ದಾರಿಯಲ್ಲಿ ಓಡಾಡುತ್ತವೆ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದ ಹಾಗೆ. ಅವರ ನಡುವಿನ ಗೋಡೆಯೇ ಆ ತೆಳ್ಳನೆಯ ಹಾಳೆ. ಅದು ಒಂದು ಕಡೆ ಸುಟ್ಟಿತೆಂದರೆ ನೀರು ಬೆಂಕಿಯ ಕೋಣೆಗೆ ನುಗ್ಗುತ್ತದೆ.

ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು, "ಮಾವ, ಇದನ್ನ ಗ್ಯಾರೇಜಿಗೆ ಎಂತಕ್ಕೆ ಕೊಡೋದು? ನಾವೇ ಮಾಡೋಣ" ಎಂದ. ಮುಂದಿನ ಸಲ ಬರುವಾಗ ಜೆ.ಸಿ. ರಸ್ತೆಯಿಂದ ಗ್ಯಾಸ್ಕೆಟ್ ಸೆಟ್ಟು, ಟೈಮಿಂಗ್ ಬೆಲ್ಟು ಹಿಡಿದುಕೊಂಡೇ ಬಂದ. ಅಡಿಕೆ ಒಣಗಿಸುವ ಅಂಗಳದಲ್ಲಿ ಕಾರು ನಿಲ್ಲಿಸಿ, ಮೇಲೆ ಟಾರ್ಪಾಲು ಕಟ್ಟಿ ಕೆಲಸ ಶುರು ಮಾಡಿದೆವು. ಬಿಚ್ಚಿದ ಬೋಲ್ಟುಗಳನ್ನು ಹಾಳೆ ತಟ್ಟೆಗಳಲ್ಲಿ ಬೇರೆ ಬೇರೆ ಇಟ್ಟು, ಅಂಚಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆದೆವು. ಈ ಒಂದು ಕೆಲಸದಲ್ಲಿ ಮೇಷ್ಟರಿಕೆ ಉಪಯೋಗಕ್ಕೆ ಬಂತು. ಹೆಡ್ಡನ್ನು ಶಿವಮೊಗ್ಗದ ಲೇತಿಗೆ ಕೊಟ್ಟು ಮುಖ ಸಮ ಮಾಡಿಸಿಕೊಂಡು ಬಂದದ್ದೂ ಆಯಿತು. ಅಲ್ಯೂಮಿನಿಯಮ್ ಹೆಡ್ಡು ಕಾದು ಸೊಟ್ಟಗಾಗಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ಉಪಯೋಗವಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿದೆವು. ಎಂಜಿನ್ ತಿರುಗಿಸಿ ಟ್ಯಾಪೆಟ್ಟು, ಎಂದರೆ ವಾಲ್ವುಗಳ ಸಂದು, ಹೊಂದಿಸಿದೆವು. ಇಷ್ಟರ ಮಟ್ಟಿಗೆ ನಾವು ಮಾಡಿದ್ದು ಮೆಚ್ಚುವಂಥ ಕೆಲಸವೇ.

ಹೆಡ್ಡು ಎತ್ತುವುದಕ್ಕೆ ಎಷ್ಟು ಬಿಚ್ಚಬೇಕಾಗುತ್ತದೆಂದು ಮಾತ್ರ ನನಗೆ ಅಂದಾಜಿರಲಿಲ್ಲ. ನೀರಿನ ಪೈಪು, ಬೆಲ್ಟು, ಕಾರ್ಬುರೇಟರು, ಸೈಲೆನ್ಸರಿನ ಕಡೆಯ ನಟ್ಟುಗಳು, ಡಿಸ್ಟ್ರಿಬ್ಯೂಟರು, ಹತ್ತಾರು ವಯರು. ರೋಗ ಇದ್ದದ್ದು ಒಂದೇ ಕಡೆ, ನಾವು ಕೈ ಹಾಕಿದ್ದು ಮೂವತ್ತು ಕಡೆ. ಎಂದಮೇಲೆ ಮೂವತ್ತು ಹೊಸ ರೋಗಕ್ಕೆ ದಾರಿ ಮಾಡಿಕೊಟ್ಟೆವು ಎಂದೇ ಅರ್ಥ. ಆಗ ಇದು ಹೊಳೆಯಲಿಲ್ಲ.

ಮೊದಲ ಸಲ ಕೀಲಿ ತಿರುಗಿಸಿದಾಗ ಆ ಕುಯ್ಯೋ ಸದ್ದೂ ಬರಲಿಲ್ಲ. 'ಟಕ್' ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ಟಕ್. ಬ್ಯಾಟರಿ ಕುಂತಿದೆ ಎಂದು ನಾನು ತೀರ್ಪು ಕೊಟ್ಟೆ. ಹೆಚ್ಚು ಕಡಿಮೆ ಎರಡು ವಾರ ನಿಂತ ಗಾಡಿ ತಾನೆ? ಪಕ್ಕದ ಮನೆಯವರ ಪಿಕಪ್ಪಿನಿಂದ ವಯರು ಎಳೆದೆವು. ಆಗಲೂ ಟಕ್. ನಾಲ್ಕನೆಯ ಟಕ್ಕಿಗೆ ಅಳಿಯ, "ಮಾವ, ನಿಲ್ಸಿ ನಿಲ್ಸಿ" ಎಂದು ಕೂಗಿದ. ಎಕ್ಸಲರೇಟರ್ ಕೇಬಲ್ಲಿನ ಮೇಲೆ ಕೈಯಿಟ್ಟಿದ್ದನಂತೆ. ಅದು ದೋಸೆ ಕಾವಲಿಯ ಹಾಗೆ ಕಾದಿತ್ತು.

ಎಕ್ಸಲರೇಟರ್ ಕೇಬಲ್ಲಿಗೂ ಬ್ಯಾಟರಿಗೂ ಏನು ಸಂಬಂಧ? ಸಂಬಂಧ ಇಲ್ಲದ್ದಕ್ಕೇ ಅದು ಕಾದದ್ದು. ಕರೆಂಟು ಹೋದರೆ ಸಾಲದು, ಮರಳಿ ಬ್ಯಾಟರಿಗೆ ಬರಲೂ ದಾರಿ ಬೇಕು. ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಬಾಡಿಯಿಂದ ಎಂಜಿನಿನ ಕಡೆಗೆ ದಪ್ಪನೆಯ ಅರ್ಥ್ ಪಟ್ಟಿ ಇರುತ್ತದೆ. ಅದರ ಒಂದು ತುದಿಯನ್ನು ನಾವು ಸಿಕ್ಕಿಸಲು ಮರೆತಿದ್ದೆವು. ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುವ ರಾಕ್ಷಸ. ಹೆದ್ದಾರಿ ಮುಚ್ಚಿದ್ದರಿಂದ ಅಷ್ಟೂ ಸಂಚಾರ ಕೇಬಲ್ಲೆಂಬ ಕಾಲುದಾರಿಯಲ್ಲಿ ನುಗ್ಗಲು ನೋಡಿತು. ಇನ್ನು ನಾಲ್ಕು ಸಲ ತಿರುಗಿಸಿದ್ದರೆ ಕೇಬಲ್ಲು ಸುಟ್ಟೇಹೋಗುತ್ತಿತ್ತು.

ನನ್ನ ಕಣ್ಣ ಮುಂದೆ ಒಂದು ಸುಳಿವು ಇತ್ತು, ನೋಡಿಯೂ ನೋಡಲಿಲ್ಲ. ಬ್ಯಾಟರಿ ನಿಜವಾಗಿ ಕುಂತಿದ್ದರೆ ಕೀಲಿ ತಿರುಗಿಸಿದಾಗ ಹೆಡ್‌ಲೈಟು ಮಂಕಾಗಬೇಕು. ನಮ್ಮದು ಲವಲೇಶವೂ ಮಂಕಾಗಲಿಲ್ಲ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟು ತೋರಿಸುತ್ತದೆ, ಸ್ಟಾರ್ಟರ್ ತಿರುಗುವಾಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಇಳಿಯಲೇ ಇಲ್ಲವೆಂದರೆ ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟು ಹರಿದಿಲ್ಲ. ಓಮನ ನಿಯಮವನ್ನು ಮೂವತ್ತೊಂದು ವರ್ಷ ಪಾಠ ಮಾಡಿದವನಿಗೆ ಅದು ಕಾಣಲಿಲ್ಲ.

ಪಟ್ಟಿ ಬಿಗಿದೆವು. ಈಗ ಸ್ಟಾರ್ಟರ್ ಜೋರಾಗಿ ತಿರುಗಿತು. ನಾನು ಆರಂಭದಲ್ಲಿ ಹೇಳಿದ ಕುಯ್ಯೋ ಕುಯ್ಯೋ ಆಗ ಬಂತು. ಎಂಜಿನ್ ಹಿಡಿಯಲಿಲ್ಲ. ಹತ್ತು ಸೆಕೆಂಡು ತಿರುಗಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ತಿರುಗಿಸಿ ನೋಡಿದೆವು. ನಿಂತ ಗಾಡಿಯ ಕಾರ್ಬುರೇಟರಿನ ತೊಟ್ಟಿ ಒಣಗಿರುತ್ತದೆ. ಈ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ ತಿರುಗಿದರೆ ಮಾತ್ರ ಎಳೆಯುವುದು, ಹಾಗಾಗಿ ಮೊದಲ ಕೆಲವು ಸುತ್ತು ಖಾಲಿ ಹೋಗುವುದು ಸಹಜ. ಆದರೆ ಆರು ಸಲವಾದರೂ ಹಿಡಿಯದಿದ್ದಾಗ ಅದು ಸಹಜವೆಂದು ಹೇಳಿಕೊಳ್ಳುವಂತಿರಲಿಲ್ಲ. ಅಂಗಳಕ್ಕೆ ಬಂದ ಮನೆಮಂದಿ ಒಬ್ಬೊಬ್ಬರೇ ಒಳಗೆ ಹೋದರು.

ತಿರುಗುತ್ತದೆ ಆದರೆ ಹಿಡಿಯದು ಎನ್ನುವ ಎಂಜಿನಿಗೆ ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ಕಿಡಿ ಇದೆಯೇ? ಪೆಟ್ರೋಲು ಬರುತ್ತಿದೆಯೇ? ಅದುಮುವ ಶಕ್ತಿ ಇದೆಯೇ? ಕಿಡಿಯಿಂದಲೇ ಶುರು ಮಾಡಿದೆವು. ಇಲ್ಲಿ ನನ್ನ ಹಳೆಯ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಕಥೆಯೊಳಗೆ ಬರುತ್ತದೆ.

ನಾವು ಹುಡುಗರಾಗಿದ್ದಾಗ ಮನೆ ರಸ್ತೆಯ ಪಕ್ಕದಲ್ಲೇ ಇತ್ತು. ಜಗುಲಿಯಲ್ಲಿ ರೇಡಿಯೊ ಹಾಕಿದ್ದಾಗ ಸ್ಕೂಟರೋ ಪೆಟ್ರೋಲ್ ಜೀಪೋ ಹಾದುಹೋದರೆ ಹಾಡಿನ ನಡುವೆ 'ಟರ್ರ್' ಎಂದು ಗೀಚಿದ ಸದ್ದು. ಬಸ್ಸು ಹೋದರೆ ಏನೂ ಇಲ್ಲ. ಹೊರಗೆ ನೋಡದೆಯೇ ಯಾವ ಗಾಡಿ ಎಂದು ಪಂದ್ಯ ಕಟ್ಟುತ್ತಿದ್ದೆವು. ಕಾರಣ ಆಮೇಲೆ ಓದಿ ತಿಳಿಯಿತು. ಡೀಸೆಲ್ ಎಂಜಿನಿಗೆ ಕಿಡಿ ಬೇಡ, ಗಾಳಿಯನ್ನು ಅದುಮಿ ಕಾಯಿಸಿಯೇ ಅದು ಎಣ್ಣೆಯನ್ನು ಉರಿಸುತ್ತದೆ. ಪೆಟ್ರೋಲ್ ಎಂಜಿನಿನ ಒಂದೊಂದು ಕಿಡಿಯೂ ಒಂದೊಂದು ಪುಟಾಣಿ ಬಾನುಲಿ ಕೇಂದ್ರ. ಹರ್ಟ್ಜ್ ಮೊದಲ ಸಲ ರೇಡಿಯೊ ಅಲೆ ಎಬ್ಬಿಸಿದ್ದೂ, ಮಾರ್ಕೋನಿ ಸಂದೇಶ ಕಳಿಸಿದ್ದೂ ಇಂಥ ಕಿಡಿಯಿಂದಲೇ ಅಲ್ಲವೇ?

ಅದು ನೆನಪಾಗಿ ಟ್ರಾನ್ಸಿಸ್ಟರನ್ನು ತಂದು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಬಾನೆಟ್ಟಿನ ಹತ್ತಿರ ಹಿಡಿದುಕೊಂಡೆ. ಅಳಿಯ ಕೀಲಿ ತಿರುಗಿಸಿದ. ಟಿಕ್, ಟಿಕ್, ಟಿಕ್, ಟಿಕ್. ಗಡಿಯಾರದ ಹಾಗೆ ಸ್ಪಷ್ಟವಾಗಿ ಕೇಳಿತು. ಕಿಡಿ ಇದೆ! ನನಗೆ ಎಷ್ಟು ಖುಷಿಯಾಯಿತೆಂದರೆ ಕಾರು ಸ್ಟಾರ್ಟೇ ಆದಂತೆ ಒಳಗೆ ಹೋಗಿ ಚಹಾ ಮಾಡಲು ಹೇಳಿಬಂದೆ.

ಅಳಿಯನಿಗೆ ರೇಡಿಯೊ ಸಾಕ್ಷಿ ಸಾಲಲಿಲ್ಲ. ಪ್ಲಗ್ಗು ಬಿಚ್ಚಿ, ವಯರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನಿಗೆ ತಾಗಿಸಿಟ್ಟು ನೋಡಿದ. ನೀಲಿ ಕಿಡಿ, ಚಟಚಟ. ಹಾಗೆ ನೋಡುವವರಿಗೆ ಒಂದು ಮಾತು ಹೇಳಬೇಕು. ಆ ವಯರಿನಲ್ಲಿ ಹತ್ತಾರು ಸಾವಿರ ವೋಲ್ಟು ಇರುತ್ತದೆ, ಬರಿಗೈಯಲ್ಲಿ ಹಿಡಿಯಬಾರದು. ಪ್ಲಗ್ಗು ತೆಗೆದ ತೂತಿನಿಂದ ಪೆಟ್ರೋಲಿನ ಹಬೆ ಚಿಮ್ಮುತ್ತಿರುತ್ತದೆ, ಕಿಡಿಯನ್ನು ಅದರ ಬಾಯಿಗೆ ಹಿಡಿಯಬಾರದು. ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಇವನ್ನೆಲ್ಲ ನಾವು ಪಾಲಿಸಿದ್ದೆವು, ಮರಳೊಂದನ್ನು ಬಿಟ್ಟು.

ಎರಡನೆಯದು ಪೆಟ್ರೋಲು. ಬಿಚ್ಚಿದ ಪ್ಲಗ್ಗೇ ಅದಕ್ಕೂ ಉತ್ತರ ಕೊಟ್ಟಿತು. ತುದಿ ಒದ್ದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಬರುವುದು ಹೌದು, ಬಂದದ್ದು ಉರಿಯದೆ ಕೂತಿದೆ. ಹೀಗೆ ಒದ್ದೆಯಾದ ಪ್ಲಗ್ಗನ್ನು ಒಲೆಯ ಮೇಲಿಟ್ಟು ಒಣಗಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರೆ ಸಾಕು. ಪ್ಲಗ್ಗಿಲ್ಲದೆ ನಾಲ್ಕು ಸುತ್ತು ತಿರುಗಿಸಿದರೆ ಒಳಗಿದ್ದ ಪೆಟ್ರೋಲೂ ಹೊರಬೀಳುತ್ತದೆ.

ಈ ಕಿಡಿ ಮತ್ತು ಪೆಟ್ರೋಲಿನ ವಿಚಾರಣೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿಯನ್ನು, ಬೆರ್ಟಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ ಗಾಡಿಯಲ್ಲಿ ಕ್ರಮಿಸಿದಳು. ಗಂಡನಿಗೆ ಮೊದಲೇ ಹೇಳಿರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿಯ ವಯರು ಮೈ ಬಿಟ್ಟು ತಾಗತೊಡಗಿದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ಕೊಂಡದ್ದು ವೀಸ್ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ. ಪೆಟ್ರೋಲ್ ಬಂಕ್ ಎನ್ನುವುದು ಆಗ ಲೋಕದಲ್ಲೇ ಇರಲಿಲ್ಲ. ಮೆಕ್ಯಾನಿಕ್ ಕೂಡ ಇರಲಿಲ್ಲವೆನ್ನಿ, ಆಕೆಯೇ ಮೊದಲನೆಯವಳು. ಅಂಗಳದಲ್ಲಿ ಕೂತು ಅಳಿಯನಿಗೆ ಈ ಕತೆ ಹೇಳಿದೆ. "ಅವರದ್ದು ಸ್ಟಾರ್ಟಾದ್ರೂ ಆಗಿತ್ತಲ್ಲ ಮಾವ" ಎಂದ.

ಮೂರನೆಯದು ಅದುಮುವ ಶಕ್ತಿ. ಪ್ಲಗ್ಗಿನ ತೂತಿಗೆ ಬೆರಳು ಅಡ್ಡ ಹಿಡಿದರೆ ಗಾಳಿ ಬೆರಳನ್ನು ತಳ್ಳಿಕೊಂಡು ಬಂತು, ಮೂರೂ ಸಿಲಿಂಡರಿನಲ್ಲಿ. ಎಂದರೆ ಗ್ಯಾಸ್ಕೆಟ್ಟು ಸರಿಯಾಗಿ ಕೂತಿದೆ, ವಾಲ್ವುಗಳು ಮುಚ್ಚುತ್ತಿವೆ.

ಕಿಡಿ ಇದೆ, ಪೆಟ್ರೋಲ್ ಇದೆ, ಒತ್ತಡ ಇದೆ, ಆದರೆ ಎಂಜಿನ್ ಇಲ್ಲ.

ಪ್ಲಗ್ಗು ಹಾಕಿ ಮತ್ತೊಮ್ಮೆ ತಿರುಗಿಸಿದೆವು. ಈ ಸಲ ಕಾರ್ಬುರೇಟರಿನ ಬಾಯಿಂದ 'ಧುಪ್' ಎಂದು ಬೆಂಕಿಯ ನಾಲಿಗೆ ಒಂದು ಗೇಣು ಹೊರಬಂತು. ಏರ್ ಫಿಲ್ಟರಿನ ಡಬ್ಬಿಯನ್ನು ನಾವು ಇನ್ನೂ ಕೂರಿಸಿರಲಿಲ್ಲ. ಅಳಿಯ ಬಗ್ಗಿ ನೋಡುತ್ತಿದ್ದ, ಹುಬ್ಬಿನ ತುದಿ ಚುರುಗುಟ್ಟಿತು. ಆಮೇಲೆ ನಾನು ಮರಳು ತಂದಿಟ್ಟೆ.

ಅಲ್ಲಿಂದ ಮೂರು ದಿನ ನಾವು ಮಾಡಿದ್ದನ್ನು ಹೇಳಲು ನಾಚಿಕೆ. ಕಾರ್ಬುರೇಟರನ್ನು ಇನ್ನೊಮ್ಮೆ ಬಿಚ್ಚಿ ತೊಳೆದೆವು. ಹೊಸ ಪ್ಲಗ್ಗು ಹಾಕಿದೆವು. ಯಾರೋ ಹೇಳಿದರೆಂದು ಕಿಡಿ ಕೊಡುವ ಕಾಯಿಲು ಬದಲಾಯಿಸಿದೆವು. ಜೊತೆಗೆ ಟ್ಯಾಂಕಿನ ಪೆಟ್ರೋಲನ್ನೂ ಬದಲಾಯಿಸಿದೆವು. ಪ್ರಯೋಗಶಾಲೆಯಲ್ಲಿ ಮಕ್ಕಳು ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಬೈಯುತ್ತಿದ್ದವನು ನಾನು. ಇಲ್ಲಿ ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ, ಕೊನೆಗೆ ಏನೂ ಆಗದೆ ಕೂತೆ. ಕಾಸೂ ಕರಗಿತು. ಇನ್ನೊಂದೆಡೆ ಮುಗಿಲು ಕಪ್ಪಾಗುತ್ತಿತ್ತು.

ನಾಲ್ಕನೆಯ ದಿನ ಸಾಗರದ ಒಬ್ಬ ಮುದಿ ಮೇಸ್ತ್ರಿಗೆ ಫೋನು ಮಾಡಿದೆ. ಅಂಬಾಸಿಡರ್, ಫಿಯೆಟ್ಟುಗಳ ಕಾಲದಿಂದ ಗಾಡಿ ಬಿಚ್ಚಿದವರು. ಈಗ ಗ್ಯಾರೇಜು ಮಗನದು, ಇವರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ನಾನು ಕಿಡಿ, ಪೆಟ್ರೋಲು, ಒತ್ತಡ ಎಂದು ಪಾಠ ಒಪ್ಪಿಸುತ್ತಿದ್ದೆ. ಅವರು ನಡುವೆ ತಡೆದರು.

"ಮೇಷ್ಟ್ರೆ, ಅದೆಲ್ಲ ಇರ್ಲಿ. ಬಿಚ್ಚೋದಕ್ಕೆ ಮುಂಚೆ ಗಾಡಿ ಸ್ಟಾರ್ಟ್ ಆಗ್ತಿತ್ತಾ?"

"ಆಗ್ತಿತ್ತು. ನೀರು ಕುಡೀತಿತ್ತು ಅಷ್ಟೆ."

"ಹಂಗಾರೆ ಇದು ಗಾಡಿ ಕಾಯಿಲೆ ಅಲ್ಲ, ನಿಮ್ಮ ಕೈದು. ಕಾಯಿಲು ಗೀಯಿಲು ಎಲ್ಲ ಎಂತಕ್ಕೆ ಬದಲು ಮಾಡಿದ್ರಿ? ಎಲ್ಲಿ ಕೈ ಹಾಕಿದ್ರೋ ಅಲ್ಲೇ ನೋಡಿ."

ತಮ್ಮ ಕಾಲದ ಒಂದು ಪ್ರಸಂಗ ಹೇಳಿದರು. ಕಾರ್ಬುರೇಟರು ತೆಗೆದಾಗ ಕಸ ಬೀಳದಿರಲೆಂದು ತೂತಿಗೆ ಬಟ್ಟೆ ತುರುಕುತ್ತಾರೆ. ಒಬ್ಬ ಹುಡುಗ ಆ ಬಟ್ಟೆಯನ್ನು ಒಳಗೇ ಬಿಟ್ಟು ಕಾರ್ಬುರೇಟರು ಕೂರಿಸಿಬಿಟ್ಟ. ಎರಡು ದಿನ ಎಂಜಿನ್ ಉಸಿರಾಡಲಿಲ್ಲ. ಅಂದಿನಿಂದ ಅವರ ಗ್ಯಾರೇಜಿನಲ್ಲಿ ಬಟ್ಟೆ ಎಣಿಸಿ ಕೊಟ್ಟು, ಎಣಿಸಿ ವಾಪಸು ತೆಗೆದುಕೊಳ್ಳುತ್ತಾರಂತೆ, ಆಪರೇಷನ್ ಕೋಣೆಯಲ್ಲಿ ಮಾಡಿದ ಹಾಗೆ.

ಆಮೇಲೆ ಕೇಳಿದರು: "ಕೆಮ್ಮುತ್ತಾ?"

"ಕೆಮ್ಮುತ್ತೆ."

"ಮುಂದ್ಲಿಂದ್ಲೋ ಹಿಂದ್ಲಿಂದ್ಲೋ? ಕಾರ್ಬುರೇಟ್ರೋ ಸೈಲೆನ್ಸರ್ರೋ?"

"ಕಾರ್ಬುರೇಟರಿಂದ. ಬೆಂಕಿನೂ ಬಂತು."

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಅವರು ಎಲೆಯಡಿಕೆ ಉಗುಳಿ ಬಂದಿರಬೇಕು.

"ಡಿಸ್ಟ್ರಿಬ್ಯೂಟ್ರು ಕೂರಿಸಿದ್ದು ಟ್ಯಾಪೆಟ್ ಸೆಟ್ ಮಾಡೋಕೆ ಮುಂಚೆಯೋ ಆಮೇಲೋ?"

"ಆಮೇಲೆ."

"ಟ್ಯಾಪೆಟ್ ಮಾಡುವಾಗ ಎಂಜಿನ್ ತಿರುಗಿಸಿದ್ರಲ್ಲ. ಆಮೇಲೆ ಗುರುತಿಗೆ ತಂದು ಹಾಕಿದ್ರಿ. ಯಾವ ಸುತ್ತಿನ ಗುರುತು, ಮೇಷ್ಟ್ರೆ?"

ನನ್ನ ಕಿವಿ ಬಿಸಿಯಾಯಿತು. ಹೀರು, ಅದುಮು, ಸಿಡಿ, ಉಗುಳು. ನಾಲ್ಕು ಹೊಡೆತ, ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ. ಎಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಆವರ್ತ ಮುಗಿಯಿತು. ಪಿಸ್ಟನ್ ತುತ್ತತುದಿಗೆ ಬಂದ ಗುರುತು ಈ ಎರಡು ಸುತ್ತಿನಲ್ಲಿ ಎರಡು ಸಲ ಕಾಣುತ್ತದೆ. ಒಮ್ಮೆ ಅದುಮಿ ಮುಗಿಸಿದಾಗ, ಇನ್ನೊಮ್ಮೆ ಉಗುಳಿ ಮುಗಿಸಿದಾಗ. ಗುರುತು ನೋಡಿದರೆ ಎರಡೂ ಒಂದೇ. ಪಂಚಾಂಗದಲ್ಲಿ ಏಕಾದಶಿ ತಿಂಗಳಿಗೆ ಎರಡು ಸಲ ಬರುವುದಿಲ್ಲವೇ? ಏಕಾದಶಿ ಎಂದಷ್ಟೇ ಹೇಳಿದರೆ ಸಾಲದು, ಶುಕ್ಲವೋ ಕೃಷ್ಣವೋ ಹೇಳಬೇಕು. ನಾನು ತಿಥಿಯನ್ನು ಕೂದಲೆಳೆಯಷ್ಟು ಸರಿಯಾಗಿ ಹಿಡಿದಿದ್ದೆ, ಪಕ್ಷ ನೋಡಿರಲಿಲ್ಲ.

ಡಿಸ್ಟ್ರಿಬ್ಯೂಟರ್ ಎಂಬುದು ಕಿಡಿಯನ್ನು ಹಂಚುವ ಬಡಿಸುವವನು. ಒಂದನೆಯ ಸಿಲಿಂಡರಿಗೆ, ಆಮೇಲೆ ಮೂರನೆಯದಕ್ಕೆ, ಆಮೇಲೆ ಎರಡನೆಯದಕ್ಕೆ. 1-3-2 ಎಂಬುದು ಈ ಎಂಜಿನಿನ ಪಂಕ್ತಿಯ ಕ್ರಮ. ನಮ್ಮ ಬಡಿಸುವವನು ಕ್ರಮ ತಪ್ಪಲಿಲ್ಲ. ಆದರೆ ಉಂಡು ಕೈ ತೊಳೆಯಲು ಎದ್ದವರ ಎಲೆಗೆ ಬಡಿಸುತ್ತಿದ್ದ. ಉಗುಳಿ ಮುಗಿಸಿ ಹೀರಲು ಶುರುಮಾಡುವ ಹೊತ್ತಿಗೆ ಕಿಡಿ ಬೀಳುತ್ತಿತ್ತು. ಆಗ ಪೆಟ್ರೋಲ್ ಒಳಬರುವ ವಾಲ್ವು ತೆರೆಯತೊಡಗಿರುತ್ತದೆ. ಉರಿ ಆ ದಾರಿಯಲ್ಲೇ ಹಿಂದಕ್ಕೆ ಓಡಿ ಕಾರ್ಬುರೇಟರಿನ ಬಾಯಿಂದ ಕೆಮ್ಮುತ್ತದೆ. ನನ್ನ ಟ್ರಾನ್ಸಿಸ್ಟರ್ ಸುಳ್ಳು ಹೇಳಿರಲಿಲ್ಲ. ಕಿಡಿ ಇದೆಯೇ ಎಂದು ಕೇಳಿದ್ದೆ, ಇದೆ ಎಂದಿತು. ಯಾವಾಗ ಎಂದು ನಾನು ಕೇಳಿರಲಿಲ್ಲ.

ಹಿಂದೆ ಹ್ಯಾಂಡಲ್ ಹೊಡೆದು ಗಾಡಿ ಸ್ಟಾರ್ಟ್ ಮಾಡುತ್ತಿದ್ದ ಕಾಲದಲ್ಲಿ ಕಿಡಿ ಹೊತ್ತು ತಪ್ಪಿದರೆ ಹ್ಯಾಂಡಲ್ಲು ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ಹ್ಯಾಂಡಲ್ ಹಿಡಿಯಬೇಕು ಎಂದು ಹಳಬರು ಕಲಿಸುತ್ತಿದ್ದುದು ಅದಕ್ಕೇ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಈ ಭಯ ಮೆಲ್ಲಮೆಲ್ಲನೆ ಹೋಯಿತು. ಕಾಯಿಲಿನಿಂದ ಕಿಡಿ ಕೊಡುವ ಏರ್ಪಾಡನ್ನು ರೂಢಿಗೆ ತಂದವನೂ ಅವನೇ. ನನ್ನ ಮಣಿಕಟ್ಟು ಉಳಿದದ್ದು ಅವನಿಂದ, ಮರ್ಯಾದೆ ಉಳಿಯಲಿಲ್ಲ.

ಅಳಿಯ ಅಷ್ಟರಲ್ಲಿ ಫೋನಿನಲ್ಲಿ ಒಂದು ವೀಡಿಯೊ ಹುಡುಕಿದ. "ಮಾವ, ಡಿಸ್ಟ್ರಿಬ್ಯೂಟರ್ ಎಳೆಯೋದೇ ಬೇಡ. ಮೇಲಿನ ವಯರುಗಳನ್ನ ಎದುರುಬದುರು ಬದಲಾಯಿಸಿದ್ರೆ ಆಯ್ತು" ಎಂದ. ವೀಡಿಯೊದಲ್ಲಿ ಹಾಗೇ ಮಾಡುತ್ತಿದ್ದರು, ಎಂಜಿನ್ ಹಿಡಿಯುತ್ತಿತ್ತು. ನಾನು ಹೂಂ ಎನ್ನುವವನಿದ್ದೆ. ಮೇಸ್ತ್ರಿ ಇನ್ನೂ ಫೋನಿನಲ್ಲೇ ಇದ್ದರು, ನಕ್ಕರು. "ಅದು ನಾಕು ಸಿಲಿಂಡರಿಂದು. ಫಿಯೆಟ್ಟಿಗೆ ನಡೀತಿತ್ತು. ಇದಕ್ಕೆ ನಡಿಯಲ್ಲ. ಯಾಕೆ ಅಂತ ನೀವೇ ಲೆಕ್ಕ ಹಾಕಿ, ಮೇಷ್ಟ್ರಲ್ವಾ?"

ಹಾಕಿದೆ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ವಯರು ಸಿಕ್ಕಿಸುವ ನಾಲ್ಕು ಕೊಂಬು, ಒಂದರಿಂದೊಂದಕ್ಕೆ 90 ಡಿಗ್ರಿ. ಕ್ರ್ಯಾಂಕಿನ ಒಂದು ಸುತ್ತು ಡಿಸ್ಟ್ರಿಬ್ಯೂಟರಿಗೆ ಅರ್ಧ ಸುತ್ತು. ಆ ಅರ್ಧ ಸುತ್ತು ತಪ್ಪಿದ್ದರೆ ಎದುರಿಗೇ ಇನ್ನೊಂದು ಕೊಂಬು ಇರುತ್ತದೆ, ವಯರು ಬದಲಾಯಿಸಿದರೆ ಮುಗಿಯಿತು. ಮೂರು ಸಿಲಿಂಡರಿನದು 120 ಡಿಗ್ರಿ. 180ಕ್ಕೆ ಅಲ್ಲಿ ಕೊಂಬೇ ಇಲ್ಲ, ಎರಡು ಕೊಂಬಿನ ನಡುವಿನ ಖಾಲಿ ಜಾಗ. ವಯರನ್ನು ಹೇಗೆ ಹೊಂದಿಸಿದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಡಿಸ್ಟ್ರಿಬ್ಯೂಟರನ್ನು ಎಳೆದು ತಿರುಗಿಸಿ ಕೂರಿಸದೆ ಬೇರೆ ದಾರಿಯಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡಬಹುದಾದ ಲೆಕ್ಕ.

ಈಗ ಪಕ್ಷ ನೋಡುವುದು ಹೇಗೆ? ಒಂದನೆಯ ಪ್ಲಗ್ಗು ಬಿಚ್ಚಿ ತೂತಿಗೆ ಹತ್ತಿ ಇಡುತ್ತೇನೆ, ಅದುಮುವ ಹೊಡೆತದಲ್ಲಿ ಹಾರಿ ಬರುತ್ತದೆ ಎಂದೆ. ಮೇಸ್ತ್ರಿ ಗದರಿದರು. "ಹತ್ತಿ ಬೇಡ, ಹೀರೋ ಹೊಡೆತದಲ್ಲಿ ಒಳಗೆ ಎಳಕೊಂಡ್ಬಿಡುತ್ತೆ. ದೇವರು ಹೆಬ್ಬೆರಳು ಕೊಟ್ಟಿದಾನಲ್ಲ." ಅಳಿಯ ಕೀಲಿಯನ್ನು ತೆಗೆದು ಜೇಬಿಗಿಟ್ಟುಕೊಂಡು, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದ. ನನ್ನ ಹೆಬ್ಬೆರಳು ತೂತಿನ ಮೇಲೆ. ಮೊದಲು ಎಳೆದ ಹಾಗಾಯಿತು, ಆಮೇಲೆ ಪುಸ್ಸನೆ ತಳ್ಳತೊಡಗಿತು. "ಬಂತು ಬಂತು, ನಿಧಾನ!" ಗುರುತು ಕೂಡುವ ಹೊತ್ತಿಗೆ ನಿಲ್ಲಿಸಿದೆವು. ಈಗ ಶುಕ್ಲಪಕ್ಷ.

ಡಿಸ್ಟ್ರಿಬ್ಯೂಟರ್ ಎಳೆದೆವು. ಮುಚ್ಚಳ ತೆಗೆದಾಗ ಅದರ ಒಳಗಿನ ಕಡ್ಡಿ ಒಂದನೆಯ ಕೊಂಬಿಗೆ ಸರಿಯಾಗಿ ಬೆನ್ನು ಮಾಡಿ ನಿಂತಿತ್ತು. ಕೂರಿಸುವಾಗ ಒಂದು ಚಮತ್ಕಾರ ಇದೆ. ಅದರ ಹಲ್ಲು ಓರೆ. ಕೆಳಗಿಳಿಯುತ್ತ ಕಡ್ಡಿ ತಾನಾಗಿ ಸ್ವಲ್ಪ ತಿರುಗುತ್ತದೆ. ಆದ್ದರಿಂದ ಆ ಸ್ವಲ್ಪವನ್ನು ಹಿಂದಿಟ್ಟು ಇಳಿಸಬೇಕು. ಮೂರನೆಯ ಪ್ರಯತ್ನಕ್ಕೆ ಕಡ್ಡಿ ಒಂದರ ಎದುರು ನಿಂತಿತು. ಬಿಚ್ಚುವ ಮೊದಲು ಅಳಿಯ ಇಪ್ಪತ್ತೆರಡು ಫೋಟೊ ತೆಗೆದಿದ್ದ, ಎಲ್ಲವೂ ವಯರುಗಳದ್ದು. ಮುಚ್ಚಳ ತೆಗೆದು ಕಡ್ಡಿಯದ್ದೊಂದು ಫೋಟೊ ತೆಗೆದಿದ್ದರೆ, ಡಿಸ್ಟ್ರಿಬ್ಯೂಟರಿನ ಮೈಮೇಲೆ ಮೊಳೆಯಿಂದ ಒಂದು ಗೀಟು ಎಳೆದಿದ್ದರೆ, ಇಷ್ಟೆಲ್ಲ ರಾಮಾಯಣ ಇರುತ್ತಿರಲಿಲ್ಲ.

ನಡುವೆ ಹೊಸ ಕಾರಿನವರಿಗೆ ಎರಡು ಮಾತು. ನಿಮ್ಮ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಹುಡುಕಬೇಡಿ, ಇರುವುದಿಲ್ಲ. ಕಿಡಿಯ ಹೊತ್ತನ್ನು ಕಂಪ್ಯೂಟರ್ ಗೊತ್ತುಮಾಡುತ್ತದೆ. ಅದಕ್ಕೆ ಕ್ರ್ಯಾಂಕ್ ಎಲ್ಲಿದೆಯೆಂದು ಹೇಳುವ ಸೆನ್ಸರಿನ ಪ್ಲಗ್ಗು ಸಿಕ್ಕಿಸಲು ಮರೆತರೂ ಇದೇ ಕುಯ್ಯೋ ಕುಯ್ಯೋ. ಅಂಥ ಗಾಡಿಯಲ್ಲಿ ವಯರು ಕಿತ್ತು ಕಿಡಿ ನೋಡಲು ಹೋಗಬೇಡಿ, ದುಬಾರಿ ಸಾಮಾನು ಸುಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ, ಸ್ಕ್ಯಾನರ್ ಸಿಕ್ಕಿಸಿದರೆ ಗಾಡಿಯೇ ತನ್ನ ದೂರು ಹೇಳುತ್ತದೆ. ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದರೆ ಎಂಜಿನ್ ನಿಮ್ಮನ್ನು ಕಳ್ಳನೆಂದು ತಿಳಿದಿದೆ ಎಂದರ್ಥ. ಹಿಡಿಯದ ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳುವುದೂ ಬೇಡ. ಉರಿಯದ ಪೆಟ್ರೋಲು ಸೈಲೆನ್ಸರ್ ಸಾಲಿನಲ್ಲಿರುವ ಕನ್ವರ್ಟರಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಹಳೆಯ ಗಾಡಿಯವರೇ, ವಿಶೇಷವಾಗಿ ನಮ್ಮ ಮಲೆನಾಡಿನವರೇ, ಆಷಾಢದಲ್ಲಿ ಗಾಡಿ ಹಿಡಿಯದಿದ್ದರೆ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗನ್ನು ಒಣಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ನಮ್ಮ ಕತೆಗೆ ಬರೋಣ. ಈ ಸಲ ಏರ್ ಫಿಲ್ಟರಿನ ಡಬ್ಬಿ ಕೂರಿಸಿ, ಮರಳು ಪಕ್ಕದಲ್ಲಿಟ್ಟು, ಯಾರನ್ನೂ ಅಂಗಳಕ್ಕೆ ಕರೆಯದೆ ಕೀಲಿ ತಿರುಗಿಸಿದೆವು. ಎರಡು ಕುಯ್ಯೋ ಮುಗಿಯುವಷ್ಟರಲ್ಲಿ ಎಂಜಿನ್ ಒಮ್ಮೆ ಮೈ ಕೊಡವಿ ಹಿಡಿದೇಬಿಟ್ಟಿತು. ಸಿಲಿಂಡರಿನಲ್ಲಿ ನಿಂತಿದ್ದ ಎಣ್ಣೆ ಉರಿದು ಅಡಿಕೆ ತೋಟದ ತುಂಬ ಹೊಗೆ. ಮೂರು ಸಿಲಿಂಡರಿನ ಆ ಗುರುಗುರು ನಡುಕದ ಸದ್ದು ಅಷ್ಟು ಚೆನ್ನಾಗಿ ಎಂದೂ ಕೇಳಿಸಿರಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆಯೆದ್ದು ಗಾಳಿ ಹೊರಟ ಹಾಗೆ ನೀರು ಹಾಕುತ್ತಾ ಹೋದೆ. ಅಳಿಯ ಮೇಸ್ತ್ರಿಗೆ ಫೋನು ಮಾಡಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದು ಕೇಳಿಸಿದ. "ಟ್ಯಾಪೆಟ್ ಒಂದು ಸ್ವಲ್ಪ ಬಿಗಿ ಮಾಡ್ಬೇಕು" ಎಂದರು ಅವರು, ಅಷ್ಟರಲ್ಲೇ.

ಟ್ರಾನ್ಸಿಸ್ಟರನ್ನು ನನ್ನ ಹೆಂಡತಿ ಆಗಲೇ ಒಳಗೆ ಒಯ್ದು, ಅಡುಗೆ ಮನೆಯ ಕಿಟಕಿಯಲ್ಲಿಟ್ಟು, ಚಿತ್ರಗೀತೆ ಹಾಕಿಕೊಂಡಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: "ರೇಡಿಯೊ ಗೊರಗೊರ ಅಂತಿದೆ, ಆ ಕಾರನ್ನ ಒಂದ್ಚೂರು ಆಚೆ ತಗೊಂಡು ಹೋಗ್ತೀರಾ?"

ತೆಗೆದುಕೊಂಡು ಹೋದೆ. ಹೊಸನಗರದವರೆಗೆ ಹೋಗಿ ಬಂದೆ.